ತೊಳೆದು ಒಪ್ಪಿಸಿದ ಗಾಡಿ

ಆ ಗ್ಯಾರೇಜಿನಿಂದ ಕೊಳೆಯಾದ ಗಾಡಿ ಒಂದೂ ಹೊರಗೆ ಹೋಗುತ್ತಿರಲಿಲ್ಲ. ಬ್ರೇಕಿನ ಕೆಲಸಕ್ಕೆ ಬಂದಿರಲಿ, ಬರೀ ಹಾರ್ನ್ ಕೂಗುತ್ತಿಲ್ಲವೆಂದು ಬಂದಿರಲಿ, ಕೊನೆಯಲ್ಲಿ ಮೇಸ್ತ್ರಿ ಪ್ರೆಷರ್ ಪಂಪಿನ ಪೈಪು ಹಿಡಿದು ಗಾಡಿಯ ಹೊಟ್ಟೆಯಡಿಗೆಲ್ಲ ನೀರು ಹೊಡೆಯಬೇಕು. ಚಾಸಿ ಆಗತಾನೇ ಹುಟ್ಟಿದಂತೆ ಹೊಳೆಯಬೇಕು. ಆಮೇಲೆಯೇ ಕೀಲಿಕೈ ಗಿರಾಕಿಯ ಕೈಗೆ. ತೊಳೆದ ಮೇಲೆ ಗ್ಯಾರೇಜಿನವರು ಆ ಗಾಡಿಯನ್ನು ಮತ್ತೆ ಓಡಿಸುವಂತಿಲ್ಲ, ಓಡಿಸಿದರೆ ಪುನಃ ಧೂಳಾಗುತ್ತದಲ್ಲ. ಓಡಿಸಿ ನೋಡುವುದೆಲ್ಲ ತೊಳೆಯುವ ಮುಂಚೆಯೇ ಮುಗಿಯಬೇಕು. ಅಪ್ಪನ ಕಾಲದಿಂದ ಬಂದ ಕಟ್ಟಳೆ ಇದು. ಅಪ್ಪ ಬಕೆಟ್ಟು ಮತ್ತು ಹಳೇ ಬನಿಯನ್ನಿನಲ್ಲಿ ತೊಳೆಯುತ್ತಿದ್ದ, ಮಗ ಪಂಪು ತಂದ. "ನಾವು ಮಾಡೋ ಕೆಲಸ ಒಳಗಡೆ ಇರುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಬೀಳೋದು ಇದೊಂದೇ," ಎನ್ನುವುದು ಮೇಸ್ತ್ರಿಯ ಮಾತು. ಗಿರಾಕಿಗಳೂ ಬಗ್ಗಿ ನೋಡಿ ತಲೆದೂಗುತ್ತಿದ್ದರು. ಒಳಗಿನದನ್ನು ನೋಡಲಾಗದವರಿಗೆ ಹೊರಗಿನ ಹೊಳಪು ಮಾರುವುದು ಎಲ್ಲ ಧಂದೆಗಳಲ್ಲೂ ನಡೆದೇ ಇದೆ, ಇಲ್ಲಿ ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದರು, ಅಷ್ಟೆ.

ಮೇಸ್ತ್ರಿಗೆ ಒಬ್ಬಳು ತಂಗಿ. ಗಾಡಿಗಳ ವೈರಿನ ಕೆಲಸವೆಲ್ಲ ಅವಳದ್ದು. ಬೀದಿಯವರು ಅವಳಿಗೆ ಕರೆಂಟಕ್ಕ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿ, ಈಗ ಅತ್ತಿಗೆಯೂ ಹಾಗೇ ಕೂಗುತ್ತಿದ್ದಳು. ಅಪ್ಪನಿಗೆ ಕಬ್ಬಿಣವೆಂದರೆ ಜೀವ, ವೈರೆಂದರೆ ಭಯ. "ಅದರೊಳಗೆ ಕಣ್ಣಿಗೆ ಕಾಣದೇ ಇರೋದು ಏನೋ ಓಡಾಡುತ್ತೆ, ನನಗೆ ಬೇಡಪ್ಪ," ಎಂದು ದೂರ ಸರಿಯುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಊಟದ ಡಬ್ಬಿ ಕೊಟ್ಟುಹೋಗಲು ಬರುತ್ತಿದ್ದ ಈ ಮಗಳು ಒಂದು ಮಧ್ಯಾಹ್ನ ಸುಟ್ಟ ಕಾರಿನ ವೈರುಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತ ಕೂತಳು. ಕೂತವಳು ಮತ್ತೆ ಏಳಲೇ ಇಲ್ಲ. ಮದುವೆಯ ಮಾತು ಬಂದಾಗಲೆಲ್ಲ ಗ್ಯಾರೇಜಿನಲ್ಲಿ ಯಾಕೋ ಕೆಲಸ ಜಾಸ್ತಿ ಇರುತ್ತಿತ್ತು. ಆಮೇಲಾಮೇಲೆ ಮಾತೇ ಬರಲಿಲ್ಲ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಅವಳ ವಾಸ; ತಲೆದಿಂಬಿಗೂ ಡೀಸೆಲ್ ವಾಸನೆ. ಹೊರಗಿನ ಬೋರ್ಡಿನಲ್ಲಿ ಅಪ್ಪನ ಫೋಟೋ, ಪಕ್ಕದಲ್ಲಿ ಅಣ್ಣನ ಫೋಟೋ, ಅದರ ಕೆಳಗೆ "ಎಲ್ಲಾ ತರಹದ ಎಲೆಕ್ಟ್ರಿಕ್ ಕೆಲಸ ಮಾಡಿಕೊಡಲಾಗುವುದು" ಎಂಬ ಸಾಲು. ಮಾಡಿಕೊಡುವವರು ಯಾರು ಎಂದು ಆ ಬೋರ್ಡು ಬಾಯಿಬಿಡುತ್ತಿರಲಿಲ್ಲ.

ಹಾಗಂತ ಅವಳು ಬಾಯಿಲ್ಲದವಳೇನಲ್ಲ. ಹೊಸ ಗಿರಾಕಿ ಬಂದು, "ಗಂಡಸರು ಯಾರೂ ಇಲ್ವಾ?" ಎಂದರೆ, "ಇದಾರಲ್ಲ, ಆ ಲಾರಿ ಕೆಳಗೆ ಮಲಗಿದಾರೆ. ಕಾಲು ಹಿಡಿದು ಎಳ್ಕೊಳಿ," ಎನ್ನುತ್ತಿದ್ದಳು. ತನ್ನ ಕೆಲಸದ ಬಗ್ಗೆ ಅವಳಿಗೆ ಜಂಬವೇ ಇತ್ತು. ವೈರು ಸುಳ್ಳು ಹೇಳುವುದಿಲ್ಲ, ಹೇಳಿದರೂ ಮೀಟರಿನ ಮುಂದೆ ಸಿಕ್ಕಿಬೀಳುತ್ತದೆ ಎಂಬುದು ಅವಳ ನಂಬಿಕೆ. ಮನುಷ್ಯರಿಗೆ ಹಿಡಿಯುವ ಮೀಟರು ಇಲ್ಲವೆಂದು ಅವಳು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ.

ಗಾಜಿನಂಗಡಿಯ ಪಿಕಪ್ಪು ಆ ಗ್ಯಾರೇಜಿಗೆ ಬರುತ್ತಿದ್ದ ಹಳೇ ಗಿರಾಕಿ. ಕ್ಲಚ್ಚಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಗಾಡಿ. ಅಂಥದ್ದನ್ನು ಸಾಮಾನು ಹೊರಲು ಯಾರೂ ಕೊಳ್ಳದಿದ್ದ ಕಾಲದಲ್ಲಿ ಅಂಗಡಿಯ ದೊಡ್ಡ ಯಜಮಾನ ಅದನ್ನು ಕೊಂಡಿದ್ದಕ್ಕೆ ಕಾರಣವಿತ್ತು. ಅಂಗಡಿಯ ಗೋಡೆಗೆ ಒರಗಿಸಿದ್ದ ಗಾಜಿನ ಹಾಳೆಯೊಂದು ಜಾರಿ ಡ್ರೈವರನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡು ಹೋಗಿತ್ತು. ಮರದ ಕಾಲಿನಲ್ಲಿ ಕ್ಲಚ್ಚು ತುಳಿಯಲಾಗದು. ಬಲಗಾಲೊಂದೇ ಸಾಕಾಗುವ ಗಾಡಿ ತಂದು, "ಇದನ್ನ ಓಡಿಸ್ಕೊಂಡು ನಮ್ಮಲ್ಲೇ ಇರು," ಎಂದಿದ್ದ ದೊಡ್ಡ ಯಜಮಾನ. ಈಗ ಅವನಿಲ್ಲ, ಅವನ ಮಗ ಗಲ್ಲಾದ ಮೇಲೆ ಕೂತಿದ್ದಾನೆ. ಅಪ್ಪನಿಗೆ ಋಣವಾಗಿದ್ದದ್ದು ಮಗನಿಗೆ ಬರೀ ಹಳೇ ಗಾಡಿ ಮತ್ತು ಕುಂಟ ಡ್ರೈವರಾಗಿ ಕಂಡಿತು.

ಆ ಡ್ರೈವರನ್ನು ಎಲ್ಲರೂ ಮೆತ್ತಗಣ್ಣ ಎನ್ನುತ್ತಿದ್ದರು. ಗಾಜು ಏರಿಸುವಾಗ, ಇಳಿಸುವಾಗ, "ಮೆತ್ತಗೆ... ಮೆತ್ತಗೆ..." ಎನ್ನುವುದೇ ಅವನ ಜಪ. ಕಾಫಿ ಲೋಟ ಕೆಳಗಿಡುವವರಿಗೂ ಹಾಗೇ ಹೇಳುತ್ತಾನೆಂದು ಹಮಾಲಿಗಳು ಆಡಿಕೊಳ್ಳುತ್ತಿದ್ದರು. ಅವನು ಓಡಿಸುವ ಗಾಡಿಯಲ್ಲಿ ಗಾಜು ಒಡೆದದ್ದೇ ಇಲ್ಲ ಎನ್ನುವ ಹಾಗಿತ್ತು. ಆಮೇಲೆ ಒಡೆಯತೊಡಗಿತು.

ಮೇಸ್ತ್ರಿ ಆ ಪಿಕಪ್ಪಿನ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಹೊಸ ಪ್ಲೇಟು ಹಾಕಿ ಕೂರಿಸಿದ ಮೇಲೆ ಶುರುವಾದದ್ದು ಅದು. ಗಾಡಿ ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ ಹಿಂದಿನಿಂದ ಯಾರೋ ಒದ್ದಂತೆ ಎಗರುವುದು. ಗೇರು ದಢಕ್ಕೆಂದು ಕಚ್ಚಿಕೊಳ್ಳುವುದು. ಹಿಂದೆ ನಿಲ್ಲಿಸಿದ್ದ ಗಾಜು ಚಟಾರನೆ ಸೀಳುವುದು. ಅಂಗಡಿಗೆ ರಜೆ ಇರುವ ದಿನದವರೆಗೆ ಯಜಮಾನ ಗಾಡಿ ಬಿಡುವವನಲ್ಲ. ರಜೆಯ ದಿನ ಗ್ಯಾರೇಜಿಗೆ ತಂದರೆ, ಪಿಕಪ್ಪು ಹಸುವಿನಂತೆ ಸಾಧು. ಮೇಸ್ತ್ರಿ ಬೀದಿ ಸುತ್ತಿ ಬಂದು, "ಏನಿದೆಯಪ್ಪ ಇದರಲ್ಲಿ?" ಎಂದು ಆಯಿಲ್ ಬದಲಿಸಿ, ಚೆನ್ನಾಗಿ ತೊಳೆದು ಕಳಿಸುವನು. ಮರುದಿನ ಮತ್ತೆ ದಢಕ್.

"ಗ್ಯಾರೇಜಿನಲ್ಲಿ ಸರಿ ಇರುತ್ತೆ, ನಿನ್ನ ಕೈಗೆ ಬಂದ ತಕ್ಷಣ ಕೆಡುತ್ತೆ. ಅದೇನು ನಿನ್ನ ಮೇಲೆ ಗಾಡಿಗೆ ಸಿಟ್ಟಾ?" ಎಂದು ಸಣ್ಣ ಯಜಮಾನ ಗ್ಯಾರೇಜಿಗೇ ಬಂದು ಎಲ್ಲರ ಮುಂದೆ ಕೇಳಿದ. ಅಪ್ಪನ ವಯಸ್ಸಿನವನಿಗೆ ಏಕವಚನ.

"ನಾನು ಒತ್ತೋ ಹಾಗೇ ಒತ್ತಿದೆ ಸ್ವಾಮಿ," ಎಂದ ಮೆತ್ತಗಣ್ಣ.

"ಒಂದು ಕಾಲು ಇಲ್ಲದೇ ಇರೋರಿಗೆ ಇನ್ನೊಂದರ ಮೇಲೆ ಭಾರ ಜಾಸ್ತಿ ಬೀಳುತ್ತೆ," ಎಂದು ಮೇಸ್ತ್ರಿ ನಡುವೆ ಸೇರಿಸಿದ. ಅದು ಅವನು ತಮಾಷೆಗೆ ಅಂದದ್ದು. ಕೇಳಿಸಿಕೊಂಡ ಯಜಮಾನ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಒಳ್ಳೇ ಕಾರಣ ಸಿಕ್ಕಿತೆಂದು ಜೇಬಿಗಿಳಿಸಿಕೊಂಡ.

ಅವತ್ತು ಸಂಜೆ ಮೆತ್ತಗಣ್ಣ ಕರೆಂಟಕ್ಕನ ಮೇಜಿನ ಹತ್ತಿರ ಬಂದು ನಿಂತ. "ಅಕ್ಕ, ನೀವೊಂದು ಸಲ ನೋಡಿ. ಇದನ್ನ ಮಾರಿ ಕ್ಲಚ್ಚಿನ ಗಾಡಿ ತರ್ತಾರಂತೆ. ತಂದ್ರೆ ನಾನು ಅದರ ಮುಂದೆ ನಿಂತ್ಕೊಂಡು ಕೈ ಮುಗೀಬೇಕು, ಅಷ್ಟೆ."

"ಸರಿಯಾದ ಮೇಲೆ ತಂದ್ರೆ ನಾನೇನು ಅದಕ್ಕೆ ಜಾತಕ ಬರೀಲಾ? ಕೆಟ್ಟಿರೋವಾಗಲೇ ತನ್ನಿ. ಯಜಮಾನ್ರು ಬೈದ್ರೆ ಬೈಸ್ಕೊಳ್ಳಿ," ಎಂದಳು ಅವಳು.

ಮುಂದಿನ ಸಲ ಗಾಡಿ ತೊಳೆಸಿಕೊಂಡು ಹೋದ ಮರುಬೆಳಿಗ್ಗೆಯೇ ಅವನು ಅದನ್ನು ತಿರುಗಿಸಿಕೊಂಡು ಬಂದ. ಗೇಟಿನಲ್ಲೇ ಗಾಡಿ ಒಮ್ಮೆ ಎಗರಿ ಬಿತ್ತು. ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಲೈಟು ಮಿಣುಕುತ್ತಿತ್ತು. ಕರೆಂಟಕ್ಕನಿಗೆ ಖುಷಿಯೇ ಆಯಿತು. ಕಳ್ಳ ಬಾಗಿಲಲ್ಲೇ ಸಿಕ್ಕಿದ್ದ.

ಅವಳು ಆತುರಪಡಲಿಲ್ಲ. ಮೊದಲು ಬ್ಯಾಟರಿ, ಆಮೇಲೆ ಬಾಡಿಯ ಅರ್ತ್. ಅರ್ತ್ ಸಡಿಲವಾದರೆ ಇಂಥ ಹಳೇ ಗಾಡಿಗಳು ಏನೇನೋ ಆಟವಾಡುತ್ತವೆ. ಅದು ಸರಿಯಿತ್ತು. ಸೈಲೆನ್ಸರ್ ಪೈಪಿನ ಪಕ್ಕ ವೈರು ಕರಗಿದೆಯೇ ಎಂದು ಬೆರಳಾಡಿಸಿದಳು. ಇಲ್ಲ. ಕಾಲಡಿಯ ಮ್ಯಾಟು ಎತ್ತಿ, ಗೇರಿನ ಕಂಪ್ಯೂಟರ್ ಡಬ್ಬಿಗೆ ಮೀಟರಿನ ಸೂಜಿ ಚುಚ್ಚಿ, "ಲಿವರ್ ಹಾಕಿ," ಎಂದಳು. ಮೆತ್ತಗಣ್ಣ ಲಿವರನ್ನು ಡ್ರೈವಿಗೆ ಎಳೆದ. ಮೀಟರು ಡ್ರೈವೆಂದು ಹೇಳಲಿಲ್ಲ. ನ್ಯೂಟ್ರಲ್ ಎಂದೂ ಹೇಳಲಿಲ್ಲ. ಎರಡರ ನಡುವೆ ಏನನ್ನೋ ತೊದಲಿತು. ಲಿವರ್ ಯಾವ ಗೇರಿನಲ್ಲಿದೆಯೆಂದು ಕಂಪ್ಯೂಟರಿಗೆ ಹೇಳಲು ಗೇರ್‌ಬಾಕ್ಸಿನ ಮಗ್ಗುಲಲ್ಲಿ ಒಂದು ಸ್ವಿಚ್ಚಿರುತ್ತದೆ. ಅದು ತೊದಲಿದರೆ ಕಂಪ್ಯೂಟರಿಗೆ ದಿಕ್ಕು ತಪ್ಪುತ್ತದೆ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರ ಹಾಗೆ ಅದು ಒಂದೇ ಗೇರನ್ನು ಪೂರಾ ಬಲದಲ್ಲಿ ಕಚ್ಚಿ ಹಿಡಿಯುತ್ತದೆ. ಆ ದಢಕ್ ಅದರದ್ದು. ಕಾಲಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮೆತ್ತಗಣ್ಣನನ್ನು ಚಹಾ ಕುಡಿದು ಬರಲು ಕಳಿಸಿ ಅವಳು ಗಾಡಿಯಡಿಗೆ ಸರಿದಳು. ಸ್ವಿಚ್ಚಿಗೆ ವೈರುಗಳು ಬಂದು ಸೇರುವ ಕಪ್ಲರಿಗೆ ಕಪ್ಪು ಟೇಪು ಸುತ್ತಿತ್ತು. ಅದರ ತುದಿಯನ್ನು ಮಡಿಸಿ ಸಣ್ಣ ಬಾಲ ಮಾಡಿ ಬಿಟ್ಟಿತ್ತು, ಮುಂದೆ ಬಿಚ್ಚುವಾಗ ಉಗುರಿಗೆ ಸಿಗಲೆಂದು. ಹಾಗೆ ಬಾಲ ಬಿಡುವವನು ಒಬ್ಬನೇ. ಬಾಲ ಹಿಡಿದು ಎಳೆದಳು. ಕಪ್ಲರ್ ಕಳಚಿತು. ನೀರು ಅವಳ ಮಣಿಕಟ್ಟಿನಿಂದ ಇಳಿದು ತೋಳಿನೊಳಗೆ ಹೋಯಿತು. ಒಳಗಿನ ಪಿನ್ನುಗಳ ಮೇಲೆಲ್ಲ ಹಸಿರು ಪುಡಿ. ನೀರು ತಡೆಯಬೇಕಾದ ರಬ್ಬರ್ ರಿಂಗು ಇರಲೇ ಇಲ್ಲ; ಗೇರ್‌ಬಾಕ್ಸ್ ಇಳಿಸಿದಾಗ ಎಲ್ಲೋ ಬಿದ್ದುಹೋಗಿ, ಅದರ ಜಾಗಕ್ಕೆ ಅಣ್ಣ ಟೇಪು ಸುತ್ತಿದ್ದ. ಆಮೇಲೆ ತಾನೇ ನಿಂತು ಪಂಪಿನಿಂದ ಅದಕ್ಕೆ ನೀರು ಹೊಡೆದಿದ್ದ. ಹೋದ ನೀರು ಹೊರಬರದಂತೆ ಟೇಪು ಕಾದುಕೊಂಡಿತ್ತು. ಇಂಜಿನ್ನಿನ ಬಿಸಿಗೆ ಕೆಲವು ದಿನದಲ್ಲಿ ಆರಿ, ಗಾಡಿ ಸಾಧುವಾಗುತ್ತಿತ್ತು. ಆರಿದ ಮೇಲೆ ಗ್ಯಾರೇಜಿಗೆ ಬರುತ್ತಿತ್ತು, ತೊಳೆಸಿಕೊಂಡು ಹೋಗುತ್ತಿತ್ತು. ತೊಳೆದ ಮೇಲೆ ಓಡಿಸಿ ನೋಡಬಾರದೆಂಬ ಕಟ್ಟಳೆ ಇದ್ದದ್ದರಿಂದ ಅಣ್ಣನ ಕೈಯಲ್ಲಿ ಅದು ಒಮ್ಮೆಯೂ ಎಗರಿರಲಿಲ್ಲ.

ಅವಳು ಕಪ್ಲರ್ ಮತ್ತು ಟೇಪು ಎರಡನ್ನೂ ಅಣ್ಣನಿಗೆ ತೋರಿಸಿದಳು.

ಮೇಸ್ತ್ರಿ ಟೇಪನ್ನು ಉಂಡೆ ಮಾಡಿ ಮುಷ್ಟಿಯೊಳಗೆ ಹಿಡಿದ. "ಯಾರಿಗೆ ಹೇಳಿದೆ?"

"ಇನ್ನೂ ಯಾರಿಗೂ ಇಲ್ಲ."

"ಹೇಳಬೇಡ. ಒಡೆದ ಗಾಜೆಲ್ಲ ನಮ್ಮ ತಲೆಗೆ ಬರುತ್ತೆ. ತೊಳೆದೇ ಕೆಡಿಸಿದ್ರು ಅಂತ ಬೀದಿಯೆಲ್ಲ ನಗುತ್ತೆ. ಅಪ್ಪನ ಫೋಟೋ ಕೆಳಗೆ ನಿಂತ್ಕೊಂಡು ನಗ್ತಾರೆ ಕಣೇ."

"ಅಣ್ಣ, ಅವನ ಕೆಲಸ ಹೋಗುತ್ತೆ."

"ಯಾಕೆ ಹೋಗುತ್ತೆ? ನೀನು ಸರಿ ಮಾಡು. ಗಾಡಿ ಸರಿಯಾಯ್ತು, ಗಾಜು ಒಡೆಯಲ್ಲ, ಅವನ ಕೆಲಸ ಉಳೀತು. ಇನ್ನೇನು ಬೇಕು ನಿನಗೆ, ನನ್ನ ಮುಖಕ್ಕೆ ಮಸೀನಾ?"

ಮಾತು ಸರಿಯಾಗಿಯೇ ಕೇಳಿಸಿತು. ಒಳ್ಳೆಯವರನ್ನು ಕೆಡಿಸುವ ಮಾತುಗಳೆಲ್ಲ ಹೀಗೆ ಸರಿಯಾಗಿಯೇ ಕೇಳಿಸುತ್ತವೆ. ಅವಳು ಪಿನ್ನುಗಳನ್ನು ಬ್ರಶ್ಶಿನಿಂದ ಉಜ್ಜಿದಳು, ಹೊಸ ರಬ್ಬರ್ ಕೂರಿಸಿದಳು, ಗ್ರೀಸು ತುಂಬಿದಳು. ಮೀಟರು ಈಗ ತೊದಲಲಿಲ್ಲ. ಅಣ್ಣ ಎಂದಿನಂತೆ ತೊಳೆದ. ಅವಳೇ ಕಟ್ಟಳೆ ಮುರಿದು, ತೊಟ್ಟಿಕ್ಕುತ್ತಿದ್ದ ಗಾಡಿಯನ್ನು ಬೀದಿಯ ತುದಿಯವರೆಗೆ ಓಡಿಸಿ ತಂದಳು. ಒಂದು ಸಣ್ಣ ಕುಲುಕೂ ಇಲ್ಲ.

ಗಾಡಿ ಒಯ್ಯಲು ಸಣ್ಣ ಯಜಮಾನ ತಾನೇ ಬಂದ. ಜೊತೆಗೆ ಅವನ ಭಾಮೈದ, ಕೆಲಸ ಹುಡುಕುತ್ತಿದ್ದವನು. ಮೆತ್ತಗಣ್ಣ ಗೇಟಿನ ಪಕ್ಕ ಕೀಲಿಕೈಗಾಗಿ ಕಾಯುತ್ತ ನಿಂತಿದ್ದ.

"ಏನ್ ಸಿಕ್ತು ಮೇಸ್ತ್ರಿ?"

"ಏನ್ ಸಿಗುತ್ತೆ? ಗಾಡಿ ಚಿನ್ನ. ಓಡಿಸೋರ ಮೇಲೆ ಹೋಗುತ್ತೆ ಅಷ್ಟೆ."

"ನೋಡಿದ್ಯಾ?" ಎಂದು ಯಜಮಾನ ಮೆತ್ತಗಣ್ಣನ ಕಡೆ ತಿರುಗಿದ. "ಸರಿ. ಸ್ವಲ್ಪ ದಿನ ಇವನು ಓಡಿಸಲಿ. ಇವನ ಕೈಯಲ್ಲೂ ಎಗರಿದ್ರೆ ಗಾಡಿ ತಪ್ಪು. ಎಗರದೇ ಇದ್ರೆ ನಿನ್ನ ಕಾಲಿನ ತಪ್ಪು. ಇದಕ್ಕಿಂತ ನ್ಯಾಯ ಬೇಕಾ ನಿನಗೆ?"

ಮೆತ್ತಗಣ್ಣ ಯಜಮಾನನನ್ನು ನೋಡಲಿಲ್ಲ, ಮೇಸ್ತ್ರಿಯನ್ನೂ ನೋಡಲಿಲ್ಲ. ಕರೆಂಟಕ್ಕನನ್ನು ನೋಡಿದ. ಗಾಡಿಯಡಿಗೆ ಹೋಗಿ ಬಂದವಳು ಅವಳು. ಎಗರಿದ್ದನ್ನು ಕಣ್ಣಾರೆ ಕಂಡವಳೂ ಅವಳೇ. "ಅಕ್ಕ, ಏನೂ ಇರಲಿಲ್ವಾ?" ಎಂದು ಕೇಳಿದ.

ಅಣ್ಣ ಪಂಪಿನ ಪೈಪು ಸುತ್ತುತ್ತಿದ್ದವನು ನಿಂತ.

ಅವಳ ಕೈಯಲ್ಲಿ ಬಟ್ಟೆಯಿತ್ತು. ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. "ಒಂದಿಷ್ಟು ಕ್ಲೀನ್ ಮಾಡಿದೆ," ಎಂದಳು. "ಇನ್ನೇನಿಲ್ಲ."

ಅವಳ ಬುದ್ಧಿಗೆ ಆ ಕ್ಷಣವೇ ತಿಳಿದಿತ್ತು: ಸರಿ ಮಾಡಿದ ಗಾಡಿಯನ್ನು ಕೊಟ್ಟು ನಡೆಸುವ ಪರೀಕ್ಷೆಯಲ್ಲಿ ಆ ಮನುಷ್ಯ ಗೆಲ್ಲುವ ದಾರಿಯೇ ಇಲ್ಲ. ಗಾಡಿಗೆ ಅವಳು ಮಾಡಿದ ಒಳ್ಳೇ ಕೆಲಸವೇ ಇನ್ನು ಮುಂದೆ ಅವನ ವಿರುದ್ಧ ಸಾಕ್ಷಿ. ತಿಳಿದೂ ಸುಮ್ಮನಿದ್ದಳು. ನಾಳೆ ಹೇಳೋಣ, ಅಣ್ಣನ ಸಿಟ್ಟು ಇಳಿಯಲಿ ಎಂದುಕೊಂಡಳು. ನಾಳೆ ಬಂತು. ಅಣ್ಣ ಅವತ್ತು ಅವಳ ತಟ್ಟೆಗೆ ತಾನೇ ಬಡಿಸಿದ. ಬೋರ್ಡಿಗೆ ಹೊಸ ಬಣ್ಣ ಬಳಿಸುವಾಗ ಅವಳ ಫೋಟೋವನ್ನೂ ಹಾಕಿಸೋಣವೆಂದ. "ಈಗ ಕರೆಂಟಕ್ಕ ದೊಡ್ಡ ಮನುಷ್ಯೆ ಆಗ್ತಾಳಪ್ಪ," ಎಂದು ಅತ್ತಿಗೆ ಮೂಗು ಮುರಿದಳು. ಅವಳು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಎದ್ದಳು.

ಭಾಮೈದನ ಕೈಯಲ್ಲಿ ಪಿಕಪ್ಪು ಒಮ್ಮೆಯೂ ಎಗರಲಿಲ್ಲ. "ಕಾಲು ಬದಲಾಯ್ತು, ಗೇರು ಸರಿಹೋಯ್ತು!" ಎಂದು ಯಜಮಾನ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಕ್ಕ. ಕ್ಲಚ್ಚಿನ ಗಾಡಿ ಕೊಳ್ಳುವ ಮಾತು ನಿಂತುಹೋಯಿತು. ಮೆತ್ತಗಣ್ಣನನ್ನು ಕಳಿಸಿಬಿಟ್ಟರು. ಕಾಲು ತೆಗೆದುಕೊಂಡ ಅಂಗಡಿ, ಉಳಿದ ಕಾಲಿನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡಿತು.

ಸುದ್ದಿ ಕೇಳಿದ ದಿನ ಅವಳು ಅಣ್ಣನೆದುರು ನಿಂತಳು. "ಗಾಡಿ ಸರಿಯಾದ್ರೆ ಕೆಲಸ ಉಳಿಯುತ್ತೆ ಅಂದ್ಯಲ್ಲ."

"ಈಗ ಹೋಗಿ ಹೇಳಿದ್ರೆ ಇಷ್ಟು ದಿನ ಬಾಯಲ್ಲಿ ಏನಿತ್ತು ಅಂತ ನಿನ್ನನ್ನೇ ಕೇಳ್ತಾರೆ," ಎಂದ ಮೇಸ್ತ್ರಿ. "ನನ್ನನ್ನಲ್ಲ. ನೋಡಿದ್ದು ನೀನು."

ಆ ಮಾತು ಮುಖಕ್ಕೆ ಹೊಡೆದಂತಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ಗ್ಯಾರೇಜಿನ ಬಟ್ಟೆಯಲ್ಲೇ ಅವಳು ಗಾಜಿನಂಗಡಿಗೆ ನಡೆದಳು. ಗೋಡೆಗೊರಗಿದ ಕನ್ನಡಿಗಳಲ್ಲೆಲ್ಲ ಗ್ರೀಸಿನ ಕೈಗಳ ಹೆಂಗಸೊಬ್ಬಳು ಒಳಗೆ ಬರುವುದು ಕಾಣಿಸಿತು. ಟೇಪು, ನೀರು, ರಬ್ಬರ್, ಪಂಪು, ಎಲ್ಲ ಹೇಳಿದಳು. ಯಜಮಾನ ಪೂರ್ತಿ ಕೇಳಿದ. ಆಶ್ಚರ್ಯವೇನೂ ಪಡಲಿಲ್ಲ.

"ಈಗ ಓಡ್ತಿದೆಯಲ್ಲ ಅಕ್ಕ?"

"ಓಡ್ತಿದೆ. ಅದಕ್ಕೇ ಹೇಳ್ತಿರೋದು. ಅವರ ತಪ್ಪೇನಿಲ್ಲ, ವಾಪಸ್ ಕರೀರಿ."

"ನನ್ನ ಹೆಂಡತಿ ತಮ್ಮನ್ನ ಇಳಿಸಿಬಿಟ್ಟಾ? ಆಮೇಲೆ ನಾನು ಮನೇಲಿ ಊಟ ಮಾಡೋದು ಬೇಡ್ವಾ?" ನಕ್ಕ. ಆಮೇಲೆ ದನಿ ತಗ್ಗಿಸಿ, "ಗಾಯ ಮಾಗಿದೆ, ಕೆರೀಬೇಡಿ. ನಿಮ್ಮಣ್ಣನಿಗೂ ಒಳ್ಳೇದಲ್ಲ. ಒಡೆದಿದ್ದನ್ನೆಲ್ಲ ನಾನು ಕೇಳೋಕೆ ಶುರು ಮಾಡಿದ್ರೆ?" ಎಂದ.

ಅವನಿಗೆ ಬೇಕಿದ್ದದ್ದು ಡ್ರೈವರನ್ನು ತೆಗೆಯಲು ಒಂದು ಕಾರಣ. ನಿಜಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಅವಳು ಅಲ್ಲಿಂದ ನೇರ ಮೆತ್ತಗಣ್ಣನ ಮನೆಗೆ ಹೋದಳು. ಒಂದೇ ಕೋಣೆ. ಬಾಗಿಲ ಬಳಿಯ ಮೇಜಿನ ಮೇಲೆ ಅವನ ಹೆಂಡತಿ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಕೋಣೆಯ ಇನ್ನೊಂದು ಮೂಲೆಯಲ್ಲಿ ಒಲೆ, ಅದರ ಪಕ್ಕ ಮಂಚದ ಮೇಲೆ ಅವನು. ಮರದ ಕಾಲು ಕಳಚಿ ಗೋಡೆಗೆ ಒರಗಿಸಿಟ್ಟಿದ್ದ. ಅವಳನ್ನು ಕಂಡು ಅವನ ಮುಖ ಅರಳಿದ್ದು ನೋಡಿ ಅವಳಿಗೆ ಬಂದ ದಾರಿಯಲ್ಲೇ ತಿರುಗಿ ಹೋಗೋಣವೆನ್ನಿಸಿತು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಆ ಬಟ್ಟೆ ಪಕ್ಕಕ್ಕೆ ಸರಿಸಿ."

"ಬೇರೆ ಎಲ್ಲಾದ್ರೂ ಕೆಲಸ ಸಿಕ್ತಾ?"

ಉತ್ತರ ಹೆಂಡತಿಯಿಂದ ಬಂತು. "ಸಿಗದೇ ಏನು? ನಮ್ಮಕ್ಕನ ಗಂಡ ಬಾಗಿಲಿಗೇ ಕಾರು ತಂದು ನಿಲ್ಲಿಸಿದ್ರು. ಕ್ಲಚ್ಚಿಲ್ಲದ್ದು. ಸ್ಕೂಲು ಮಕ್ಕಳನ್ನ ಬಿಟ್ಟು ಬರೋ ಕೆಲಸ. ಮಹಾರಾಯರು ಒಲ್ಲೆ ಅಂದ್ರು."

"ಹೇಗೆ ಹೂಂ ಅನ್ಲಿ?" ಎಂದ ಮೆತ್ತಗಣ್ಣ. ತನ್ನ ಬಲಗಾಲನ್ನು ನೋಡಿಕೊಂಡ, ಬೇರೆ ಯಾರದೋ ಕಾಲೆಂಬಂತೆ. "ಷಡ್ಡಕ ಸಿಟ್ಟು ಮಾಡ್ಕೊಂಡು ಹೋದ. ಗಾಜಾದ್ರೆ ಒಡೆದು ಹೋಯ್ತು, ಬೈಸ್ಕೊಂಡೆ. ಮಕ್ಕಳು ಅಕ್ಕ. ನನ್ನ ಕಾಲು ಭಾರ ಆಗಿದೆ ಅಂತ ನನಗೇ ಗೊತ್ತಾಗ್ತಿರಲಿಲ್ಲ ನೋಡಿ. ಮೆತ್ತಗೇ ಒತ್ತಿದೀನಿ ಅಂದ್ಕೊಂಡೇ ಇದ್ದೆ."

ಕರೆಂಟಕ್ಕ ಹೇಳಿದಳು. ಎರಡನೇ ಸಲ ಹೇಳುವಾಗ ಕಷ್ಟ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಕಪ್ಲರಿನಿಂದ ನೀರು ತನ್ನ ತೋಳಿಗಿಳಿದದ್ದನ್ನೂ ಹೇಳಿದಳು. "ನಿಮ್ಮ ಕಾಲಿಗೆ ಏನೂ ಆಗಿಲ್ಲ. ಆ ಕಾರು ತಗೊಳ್ಳಿ. ನಾಳೆಯೇ ಹೋಗಿ ತಗೊಳ್ಳಿ."

ಅವನು ಕೇಳುತ್ತ ಕೇಳುತ್ತ ಮುಗುಳ್ನಗತೊಡಗಿದ. ಕಾಯಿಲೆಯವರನ್ನು ನೋಡಲು ಬಂದವರು ಹೇಳುವ ಸಮಾಧಾನವನ್ನು ಕೇಳಿಸಿಕೊಳ್ಳುವಂಥ ನಗು.

"ನೀವು ಇಷ್ಟು ದೂರ ನಡ್ಕೊಂಡು ಬಂದು ಹೇಳ್ತಿದೀರಲ್ಲ, ದೊಡ್ಡ ಮನಸ್ಸು ಅಕ್ಕ."

"ಸಮಾಧಾನಕ್ಕೆ ಹೇಳ್ತಿಲ್ಲ. ನಿಜ ಇದು."

"ಬಿಡಿ ಅಕ್ಕ. ಅವತ್ತು ನಾನು ನಿಮ್ಮನ್ನೇ ಕೇಳಿದ್ನಲ್ಲ, ಎಲ್ಲರ ಮುಂದೆ. ಮೇಸ್ತ್ರಿ ಹೇಳಿದ್ರೆ ನಾನು ನಂಬ್ತಿರಲಿಲ್ಲ. ಯಜಮಾನ ಹೇಳಿದ್ರೂ ನಂಬ್ತಿರಲಿಲ್ಲ. ನೀವು ಇನ್ನೇನಿಲ್ಲ ಅಂದ್ರಲ್ಲ, ಆಗ ಒಪ್ಕೊಂಡೆ. ಏನಾದ್ರೂ ಇದ್ದಿದ್ರೆ ನೀವು ಅಲ್ಲೇ ಹೇಳ್ತಿದ್ರಿ, ಯಾರಪ್ಪನಿಗೂ ಹೆದರೋರಲ್ಲ ನೀವು. ನನಗೆ ಗೊತ್ತಿಲ್ವಾ?"

ಮೀಟರಿಲ್ಲ, ಕಪ್ಲರಿಲ್ಲ, ತೋರಿಸಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಅವಳ ಮಾತೊಂದೇ, ಆ ಮಾತನ್ನು ಅವನು ಅವತ್ತೇ ನಂಬಿ ಮುಗಿಸಿದ್ದ.

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಅವತ್ತೇ ಗೊತ್ತಿತ್ತಾ ನಿಮಗೆ? ಇವರು ಕೇಳಿದಾಗ?"

"ಗೊತ್ತಿತ್ತು."

ಆಕೆ ಗಂಡನನ್ನು ನೋಡಿದಳು. ಅವನು ಇನ್ನೂ ಅದೇ ನಗುವಿನಲ್ಲಿದ್ದ. ಆಕೆ ಇಸ್ತ್ರಿಪೆಟ್ಟಿಗೆಯನ್ನು ಮತ್ತೆ ಹಿಡಿದು, ಯಾರದೋ ಅಂಗಿಯ ಕಾಲರನ್ನು ಬಲವಾಗಿ ಒತ್ತತೊಡಗಿದಳು.

"ಅಕ್ಕನಿಗೆ ಚಹಾ ಮಾಡೇ," ಎಂದ ಮೆತ್ತಗಣ್ಣ. "ಪಾಪ, ಬಿಸಿಲಲ್ಲಿ ಬಂದಿದಾರೆ."

"ಹಾಲಿಲ್ಲ," ಎಂದಳು ಆಕೆ, ತಲೆಯೆತ್ತದೆ.

ಒಲೆಯ ಮೇಲೆ ಪಾತ್ರೆಯಿತ್ತು. ಅದಕ್ಕೆ ಮುಚ್ಚಳ ಹಾಕಿರಲಿಲ್ಲ, ಕೆನೆಗಟ್ಟಿದ ಹಾಲು ಕೂತಲ್ಲಿಂದಲೇ ಕಾಣುತ್ತಿತ್ತು. ಕರೆಂಟಕ್ಕ ಎದ್ದು, ಪಕ್ಕಕ್ಕೆ ಸರಿಸಿದ್ದ ಬಟ್ಟೆಗಳನ್ನು ಮೊದಲಿನ ಜಾಗದಲ್ಲೇ ಇಟ್ಟು, ಹೊರಗೆ ನಡೆದಳು.